ಪಡಸಾಲೆಯ ಕಾಶಿ

ಶೇಖರಮ್ಮ: ಇಲ್ಲ ಅಂದ್ರ ಇಲ್ರಿ. ರೊಟ್ಟಿ ಬಡಿಯೂದು ನಾ ಬಿಟ್ಟೀನಿ.

ಉಮಾಪತಿ: ಬಿಟ್ಟೀನಿ ಅಂದ್ರ ಏನರ್ಥ? ಎಲ್ಲಿ ಬಿಟ್ಟಿ? ಯಾವಾಗ ಬಿಟ್ಟಿ?

ಶೇಖರಮ್ಮ: ಸೋಮಾರ ಬಿಟ್ಟೆ. ಕಾಶಿಯೊಳಗ.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಉಮಾಪತಿ ಬಾಯಿಗೆ ಒಯ್ದ ಚಹಾದ ಕಪ್ಪನ್ನು ಅಲ್ಲೇ ತಡೆದ. ಸೋಮವಾರ ಅವನ ಹೆಂಡತಿ ಎಲ್ಲಿಗೂ ಹೋಗಿರಲಿಲ್ಲ. ಗಂಗಾವತಿ ದಾಟುವುದಿರಲಿ, ಮನೆಯ ಮೆಟ್ಟಿಲನ್ನೂ ಇಳಿದಿರಲಿಲ್ಲ. ಮಧ್ಯಾಹ್ನ ಕೈ ಒರೆಸಿಕೊಳ್ಳುತ್ತ ಪಡಸಾಲೆಗೆ ಬಂದಿದ್ದಳು, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಸ್ವಲ್ಪ ಹೊತ್ತು ಕೂತಿದ್ದಳು, ಎದ್ದು ಮತ್ತೆ ಒಳಗೆ ಹೋಗಿದ್ದಳು.

ಆ ಪಡಸಾಲೆಯ ಕಥೆ ಸ್ವಲ್ಪ ಹೇಳಲೇಬೇಕು. ಅಕ್ಕಿ ಗಿರಣಿಗಳ ಹಿಂದಿನ ಓಣಿಯಲ್ಲಿರುವ ಈ ಮನೆಯ ಪಡಸಾಲೆಯಲ್ಲಿ ಮೊದಲು ಉಮಾಪತಿಯ ಫೋಟೋ ಸ್ಟುಡಿಯೋ ಇತ್ತು. ಊರಿನವರೆಲ್ಲರ ಕೈಗೂ ಮೊಬೈಲು ಬಂದು, ಜನ ತಮ್ಮ ಮುಖವನ್ನು ತಾವೇ ತೆಗೆದುಕೊಳ್ಳತೊಡಗಿದ ಮೇಲೆ ಸ್ಟುಡಿಯೋ ಬಾಗಿಲು ಹಾಕಿತು. ಅವನು ನೊಣ ಹೊಡೆಯುತ್ತ ಕೂತಿದ್ದ ಹೊತ್ತಿನಲ್ಲಿ ಯಾವುದೋ ಸಂಸ್ಥೆಯವರು ಬಂದು, 'ಕೌಶಲ್ಯ ಮತ್ತು ನೆಮ್ಮದಿ ಕೇಂದ್ರ' ಎಂದು ಬೋರ್ಡು ಬರೆಸಿ, ಒಂದು ಎಸಿ ಕೂರಿಸಿ, ಒಂದು ವಿಆರ್ ಕನ್ನಡಕ ಕೊಟ್ಟು, ಉಮಾಪತಿಯನ್ನು ಮುಖ್ಯ ತರಬೇತುದಾರ ಎಂದು ಕರೆದು ಹೋದರು. ಕನ್ನಡಕವೆಂದರೆ ಮೂಗಿನ ಮೇಲೆ ಕೂರುವಂಥದ್ದಲ್ಲ. ಮುಖಕ್ಕೆ ಒಂದು ಡಬ್ಬಿಯನ್ನೇ ಕಟ್ಟಿಕೊಂಡ ಹಾಗೆ. ಅದನ್ನು ಹಾಕಿಕೊಂಡು ಎರಡೂ ಕೈಯಲ್ಲಿ ಒಂದೊಂದು ಹಿಡಿಕೆ ಹಿಡಿದರೆ ಇಲ್ಲದ ಲೋಕವೆಲ್ಲ ಕಣ್ಣೆದುರಿಗೆ ಬಂದು ನಿಲ್ಲುತ್ತದೆ.

ಬೆಳಿಗ್ಗೆ ಕೌಶಲ್ಯ. ಗಿರಣಿಗೆ ಬೆಂಕಿ ಬಿದ್ದರೆ ಆರಿಸುವುದು, ಹೋಟೆಲಿಗೆ ಬಂದವರನ್ನು ನಗುತ್ತ ಸ್ವಾಗತಿಸುವುದು, ಜೋಳದ ರೊಟ್ಟಿ ತಯಾರಿಸಿ ಸ್ವಂತ ಉದ್ಯೋಗ ಮಾಡುವುದು. ಮಧ್ಯಾಹ್ನ ನೆಮ್ಮದಿ. ಓಣಿಯ ಹಿರಿಯರಿಗೆ ಸಮುದ್ರ, ಹಿಮಾಲಯ, ಕಾಶಿ. ಮೂಲೆಮನೆಯ ಜಿಲಾನಸಾಬರು ಮೊದಲ ದಿನ ಸಮುದ್ರ ನೋಡಿ, ಅಲೆ ಬಂತೆಂದು ಪೈಜಾಮವನ್ನು ಮೊಣಕಾಲಿನವರೆಗೆ ಮಡಚಿಕೊಂಡು ಕುರ್ಚಿಯ ಮೇಲೆ ಕಾಲು ಎತ್ತಿ ಕೂತಿದ್ದರು. ಉಳಿದವರು ಬರುತ್ತಿದ್ದುದು ಎಸಿಗೆ ಎಂಬುದು ಉಮಾಪತಿಗೆ ಗೊತ್ತಿತ್ತು. ಆದರೆ ತಂಪೂ ನೆಮ್ಮದಿಯೇ ಅಲ್ಲವೇ ಎಂದು ಅವನು ಸುಮ್ಮನಿದ್ದ.

ಈ ಕಾಶಿ ಅವನ ಕೈಗೆ ಸಿಕ್ಕಾಗ ಅವನಿಗೆ ಲಾಟರಿ ಹೊಡೆದಷ್ಟು ಖುಷಿಯಾಗಿತ್ತು. ಮದುವೆಯಾದ ಹೊಸದರಲ್ಲಿ ಹೆಂಡತಿಗೆ ಕಾಶಿ ತೋರಿಸುತ್ತೇನೆಂದು ಮಾತು ಕೊಟ್ಟಿದ್ದ. ಆಮೇಲೆ ಒಂದು ವರ್ಷ ಸ್ಟುಡಿಯೋಕ್ಕೆ ಸೀಸನ್ನು ಬಂತು, ಒಂದು ವರ್ಷ ಚುನಾವಣೆ ಬಂತು, ಒಂದು ವರ್ಷ ಅವನಿಗೆ ಸೊಂಟ ಹಿಡಿಯಿತು, ಮಗಳ ಮದುವೆ ಬಂತು, ಕೊರೊನಾ ಬಂತು. ಕಾಶಿ ಮಾತ್ರ ಬರಲಿಲ್ಲ. ಕೊನೆಗೆ ಸೋಮವಾರ ಅವಳನ್ನು ಕೂರಿಸಿ, ಡಬ್ಬಿ ಕಟ್ಟಿ, ಕಾಶಿ ತೋರಿಸಿ, ಓಣಿಯವರೆಲ್ಲರ ಎದುರಿಗೆ ಕೈ ತೊಳೆದುಕೊಂಡಿದ್ದ.

ಉಮಾಪತಿ: ಅಲ್ಲಾ, ಅದೇನು ಖರೇ ಕಾಶಿ ಏನು? ಸುಮ್ಮ ನೋಡಾಕ ಕುಂಡ್ರಿಸಿದ್ದೆ.

ಶೇಖರಮ್ಮ: ನೀವು ಏನಂದ್ರಿ ಅವತ್ತು? ನೆನಪು ಮಾಡ್ಕೊಳ್ರಿ. 'ನೋಡ್ರೆಪಾ, ನಮ್ಮಾಕಿಗೆ ಕಾಶಿ ತೋರಿಸಿದೆ, ನನ್ನ ಮಾತು ಮುಗೀತು' ಅಂದ್ರಿಲ್ಲೋ? ಓಣಿ ಮಂದಿಯೆಲ್ಲಾ ಕೇಳ್ಯಾರ.

ಉಮಾಪತಿ: ಅಂದಿದ್ದೆ. ಏನಾತೀಗ?

ಶೇಖರಮ್ಮ: ಎದುರುಮನಿ ರೇಣುಕಮ್ಮ ಬಂದು ನನ್ನ ಕಾಲಿಗೆ ಬಿದ್ದು ಹೋದ್ಲು. ಕಾಶಿಗೆ ಹೋಗಿಬಂದವರ ಕಾಲಿಗೆ ಬಿದ್ರ ಪುಣ್ಯ ಬರ್ತೈತಿ ಅಂತ. ಈಗ ಸುಳ್ಳಂದ್ರ ಆಕಿ ಪುಣ್ಯ ನಾ ಎಲ್ಲಿಂದ ತಂದು ಕೊಡ್ಲಿ?

ಉಮಾಪತಿ: ಆತು ಬಿಡು, ಹೋಗಿಬಂದಿ. ಹೋಗಿಬಂದ್ರ ರೊಟ್ಟಿ ಏನು ಪಾಪ ಮಾಡೈತಿ?

ಶೇಖರಮ್ಮ: ಕಾಶಿಗೆ ಹೋದವರು ತಮಗ ಭಾಳ ಪ್ರೀತಿ ಇದ್ದದ್ದೊಂದು ಅಲ್ಲಿ ಬಿಟ್ಟು ಬರಬೇಕ್ರಿ. ನಿಮ್ಮ ಸೋದರತ್ತಿ ಹಾಗಲಕಾಯಿ ಬಿಟ್ಟು ಬಂದಿರಲಿಲ್ಲೇನು?

ಉಮಾಪತಿ: ಆಕಿಗೆ ಹಾಗಲಕಾಯಿ ಕಂಡ್ರ ಆಗ್ತಿದ್ದಿಲ್ಲ!

ಶೇಖರಮ್ಮ: ಅದಕ್ಕ ಆಕಿಗೆ ಪುಣ್ಯ ಹತ್ತಲಿಲ್ಲ. ನಾನೂ ಮೊದಲು ಬದನಿಕಾಯಿ ಬಿಡೂಣು ಅಂತ ಮಾಡಿದ್ದೆ. ಆಮ್ಯಾಲ ನಿಮ್ಮ ಮಾತು ನೆನಪಾತು. ಮನಿಗೆ ಯಾರು ಬಂದ್ರೂ ಹೇಳ್ತೀರಲ್ಲ, 'ನಮ್ಮಾಕಿಗೆ ರೊಟ್ಟಿ ಬಡಿಯೂದಂದ್ರ ಜೀವ, ಎಷ್ಟೊತ್ತಿಗೆ ಬಂದ್ರೂ ಬೇಸರ ಇಲ್ಲದ ಬಡೀತಾಳ' ಅಂತ. ಇಷ್ಟು ವರ್ಷದಿಂದ ಹೇಳಾಕತ್ತೀರಿ, ಸುಳ್ಳು ಹೇಳ್ತೀರೇನು? ಜೀವ ಅಂದಮ್ಯಾಲ ಅದನ್ನ ಬಿಡಬೇಕಲ್ಲ. ಕಣ್ಣು ಮುಚ್ಚಿ, ಗಂಗಿ ಮುಂದ ಬಿಟ್ಟುಬಿಟ್ಟೆ.

ಉಮಾಪತಿ: ಅದು ಬೀಗರ ಮುಂದ ಹೇಳೂ ಮಾತು! ನಿನಗ ಅಷ್ಟೂ ತಿಳಿಯಂಗಿಲ್ಲೇನು?

ಶೇಖರಮ್ಮ: ಹಂಗಾರ ನನಗ ರೊಟ್ಟಿ ಬಡಿಯೂದು ಪ್ರೀತಿ ಇಲ್ಲಂತೀರಿ?

ಉಮಾಪತಿ: ಪ್ರೀತಿ ಇಲ್ಲ!

ಶೇಖರಮ್ಮ: ಪ್ರೀತಿ ಇಲ್ಲದ್ದನ್ನ ಇಷ್ಟು ವರ್ಷ ಮಾಡಿಸಿದ್ರಿ ಅನ್ರಿ ಮತ್ತ.

ಉಮಾಪತಿ ತಣ್ಣಗಾದ ಚಹಾವನ್ನು ಒಂದೇ ಗುಟುಕಿಗೆ ಕುಡಿದ. ಬೇರೆ ದಿನವಾಗಿದ್ದರೆ ಇಡೀ ದಿನ ಅನ್ನ ತಿಂದು ಸಿಟ್ಟು ತೀರಿಸಿಕೊಳ್ಳುತ್ತಿದ್ದ. ಇವತ್ತು ಹಾಗೆ ಮಾಡುವಂತಿರಲಿಲ್ಲ. ಸಂಸ್ಥೆಯ ಜಿಲ್ಲಾ ಸಂಯೋಜಕಿ ಲಲಿತಾ ಮೇಡಮ್ ಮಧ್ಯಾಹ್ನಕ್ಕೆ ಕೊಪ್ಪಳದಿಂದ ಬರುವವರಿದ್ದರು. ಕೇಂದ್ರವನ್ನು ಇನ್ನೊಂದು ವರ್ಷ ನಡೆಸಬೇಕೋ, ಬೋರ್ಡು, ಎಸಿ, ಕನ್ನಡಕ ಎಲ್ಲ ವಾಪಸು ಒಯ್ಯಬೇಕೋ ಎಂಬುದು ಅವರ ಒಂದು ಮಾತಿನ ಮೇಲಿತ್ತು. ನೆಮ್ಮದಿ ಪಡೆದವರೊಬ್ಬರ ವಿಡಿಯೋ ಬೇಕೆಂದು ಅವರು ಹೇಳಿದ್ದರು. ಕೌಶಲ್ಯ ಪಡೆದವರೊಬ್ಬರ ಕೈಯಿಂದ ಬಿಸಿ ರೊಟ್ಟಿ ಉಣ್ಣಬೇಕೆಂದೂ ಹೇಳಿದ್ದರು. ಎರಡಕ್ಕೂ ಉಮಾಪತಿ ಹೆಂಡತಿಯನ್ನೇ ನಂಬಿ ಕೂತಿದ್ದ. ಅವಳು ರೊಟ್ಟಿಯ ಪಾಠಕ್ಕೆ ಒಂದು ದಿನವೂ ಕೂತವಳಲ್ಲ ಎಂಬುದನ್ನು ಮೇಡಮ್ಮಿಗೆ ಹೇಳುವ ಅಗತ್ಯ ಅವನಿಗೆ ಕಂಡಿರಲಿಲ್ಲ.

ಉಮಾಪತಿ: ನೋಡು, ಇವತ್ತೊಂದಿನ ಬಡಿ. ನಾಳಿಯಿಂದ ಬಿಡುವಂತಿ.

ಶೇಖರಮ್ಮ: ಕಾಶಿಯೊಳಗ ಬಿಟ್ಟದ್ದಕ್ಕ ರಜಾ ಇರಂಗಿಲ್ರಿ. ಬದನಿಕಾಯಿ ಎಣಗಾಯಿ ಆಗೈತಿ, ಕಾಳುಪಲ್ಯ ಆಗೈತಿ, ಶೇಂಗಾ ಚಟ್ನಿ ಐತಿ, ಅನ್ನಕ್ಕಿಡ್ತೀನಿ. ಅವನ್ನೇನು ನಾ ಬಿಟ್ಟಿಲ್ಲ.

ಉಮಾಪತಿ: ಅದು ಬರೇ ಚಿತ್ರ ಐತಿ ಮಾರಾಯ್ತಿ! ಮೋಡ ಇಲ್ಲ, ಗಾಳಿ ಇಲ್ಲ, ಗಂಗಿ ಇಲ್ಲ. ಯಾವನೋ ಕ್ಯಾಮೆರಾ ಹಿಡ್ಕೊಂಡು ತೆಗದ ಚಿತ್ರ!

ಶೇಖರಮ್ಮ: ಹಂಗಾರ ಗಿರಣಿ ಹುಡುಗರಿಗೆ ಬೆಂಕಿ ಆರಿಸೂದು ಕಲಿಸಿದ್ರಲ್ಲ, ಅದು?

ಉಮಾಪತಿ: ಅದು ಬ್ಯಾರೆ. ಅದು ತರಬೇತಿ.

ಶೇಖರಮ್ಮ: ಅವರು ಬೆಂಕಿ ನೋಡ್ಯಾರೇನು?

ಉಮಾಪತಿ: ಕನ್ನಡಕದಾಗ ನೋಡ್ಯಾರ.

ಶೇಖರಮ್ಮ: ನಾನೂ ಕಾಶಿ ಕನ್ನಡಕದಾಗ ನೋಡೀನಿ. ಅವರಿಗೆ ಸರ್ಟಿಫಿಕೇಟ್ ಕೊಟ್ಟು ಕೈ ಕುಲುಕಿ ಕಳಿಸಿದ್ರಿ. ನನಗ ಪುಣ್ಯ ಕೊಡಾಕ ಮಾತ್ರ ಹಿಂದ ಮುಂದ ನೋಡ್ತೀರಿ.

ಉಮಾಪತಿ: ಹಂಗಲ್ಲ... ನೋಡೂದು ಖರೇ, ಬಿಡೂದು ಖರೇ ಅಲ್ಲ.

ಶೇಖರಮ್ಮ: ಅಂದ್ರ ಹುಡುಗರು ಬೆಂಕಿ ನೋಡಿದ್ದು ಖರೇ, ಆರಿಸಿದ್ದು ಖರೇ ಅಲ್ಲ?

ಉಮಾಪತಿ: ಶ್! ಮೆಲ್ಲಕ ಮಾತಾಡು! ಕಿಟಕಿ ತೆಗದೈತಿ!

ಅವನು ಹೋಗಿ ಕಿಟಕಿ ಮುಚ್ಚಿ ಬಂದ. ಕಾಶಿ ಸುಳ್ಳೆಂದರೆ ಕೇಂದ್ರ ಸುಳ್ಳು. ಕೇಂದ್ರ ಖರೇ ಎಂದರೆ ರೊಟ್ಟಿ ಇಲ್ಲ. ಯಾವ ಕಡೆ ಕಾಲಿಟ್ಟರೂ ಕೆಸರೇ. ಮೇಲಾಗಿ, ಕಾಶಿ ಸುಳ್ಳು ಎಂದು ಅವನ ಬಾಯಿಂದಲೇ ಬಂದರೆ ಹಳೆಯ ಮಾತು ಮತ್ತೆ ಜೀವ ಪಡೆದು ಎದ್ದು ನಿಲ್ಲುತ್ತದೆ. ಅದನ್ನು ಎಷ್ಟು ಕಷ್ಟಪಟ್ಟು ಮಲಗಿಸಿದ್ದ!

ಆಗ ಅವನ ತಲೆಯಲ್ಲಿ ಒಂದು ದೀಪ ಹೊತ್ತಿತು. ರೊಟ್ಟಿಯ ಪಾಠವನ್ನು ಉಳಿದವರಿಗೆ ಕಲಿಸುವ ಮುಂಚೆ ತಾನೇ ಕನ್ನಡಕ ಹಾಕಿಕೊಂಡು ಮುಗಿಸಿದ್ದನಲ್ಲ! ನೂರಕ್ಕೆ ನೂರು ಬಂದಿತ್ತಲ್ಲ!

ಉಮಾಪತಿ: ಸರಿ ಹಂಗಾರ. ನೀ ಬಾಜೂಕ ಸರಿ. ನಾ ಬಡೀತೀನಿ.

ಶೇಖರಮ್ಮ: ನೀವು?

ಉಮಾಪತಿ: ಯಾಕ? ನಾನೇ ಮುಖ್ಯ ತರಬೇತುದಾರ ಅದೀನಿ. ಈ ತಾಲೂಕಿನಾಗ ನನಗಿಂತ ಹೆಚ್ಚು ಮಾರ್ಕ್ಸ್ ಯಾರಿಗೂ ಬಂದಿಲ್ಲ.

ಶೇಖರಮ್ಮ: ಛಲೋ ಆತು. ಹಿಟ್ಟು ಆ ಡಬರಿಯೊಳಗ ಐತಿ.

ಉಮಾಪತಿ ಪಡಸಾಲೆಗೆ ಹೋಗಿ, ಮರೆತಿದ್ದರೆ ನೆನಪಾಗಲಿ ಎಂದು ಡಬ್ಬಿ ಕಟ್ಟಿಕೊಂಡು ಇನ್ನೊಮ್ಮೆ ಅಭ್ಯಾಸ ಮಾಡಿದ. ಗಾಳಿಯಲ್ಲಿ ಹಿಟ್ಟು ಕಲಸಿದ, ಗಾಳಿಯಲ್ಲಿ ಬಡಿದ, ಗಾಳಿಯಲ್ಲಿ ಬೇಯಿಸಿದ. ಡಬ್ಬಿಯ ಒಳಗಿನಿಂದ ಹೆಣ್ಣುಮಗಳೊಬ್ಬಳು ಜೇನಿನಂಥ ದನಿಯಲ್ಲಿ, 'ಅಭಿನಂದನೆಗಳು! ನೀವು ಪರಿಪೂರ್ಣವಾದ ರೊಟ್ಟಿಯನ್ನು ತಯಾರಿಸಿದ್ದೀರಿ!' ಎಂದಳು. ಇಷ್ಟು ವರ್ಷ ಹೆಂಡತಿಗೆ ತಾನು ಒಮ್ಮೆಯೂ ಹೀಗೆ ಹೇಳಿಲ್ಲವಲ್ಲ ಎಂಬ ಯೋಚನೆ ಅವನಿಗೆ ಬರಲಿಲ್ಲ. ಬಂದಿದ್ದರೆ ಒಳ್ಳೆಯದಿತ್ತು.

ಅಡುಗೆಮನೆಯಲ್ಲಿ ಅವನು ಲುಂಗಿ ಮೇಲೆ ಕಟ್ಟಿ ಹಲಗೆಯ ಮುಂದೆ ಕೂತ. ಶೇಖರಮ್ಮ ಬಾಗಿಲಿಗೆ ಆತು ನಿಂತಳು.

ಉಮಾಪತಿ: ಹಿಟ್ಟು... ನೀರು... ಹ್ಞಾ. ಇದ್ಯಾಕ ಹಿಂಗ ಉದುರಾಕತ್ತೈತಿ?

ಶೇಖರಮ್ಮ ಸೆರಗಿನಿಂದ ಬಾಗಿಲ ಚೌಕಟ್ಟಿನ ಧೂಳು ಒರೆಸಿದಳು.

ಉಮಾಪತಿ: ಕೇಳಾಕತ್ತೀನಿ. ಹಿಟ್ಟು ಯಾಕ ಕೂಡವಲ್ದು?

ಶೇಖರಮ್ಮ: ನಾ ಹೇಳಂಗಿಲ್ಲ. ಹೇಳಿಕೊಟ್ರ ನಾನೇ ಬಡದಂಗ ಆಗ್ತೈತಿ.

ಉಮಾಪತಿ: ಬರೇ ಇಷ್ಟು ಹೇಳು. ಪುಣ್ಯಕ್ಕೇನೂ ಧಕ್ಕಿ ಆಗಂಗಿಲ್ಲ.

ಶೇಖರಮ್ಮ: ಕುದಿಯೂ ಎಸರು ಹಾಕಿದ್ರ ಹಿಟ್ಟಿಗೆ ಜಿಗಿ ಬರ್ತೈತಿ. ನೀವು ನಲ್ಲಿ ನೀರು ಹಾಕೀರಿ.

ಉಮಾಪತಿ: ಕನ್ನಡಕದಾಗ ಕುದಿಯೂ ನೀರು ಇಲ್ಲ.

ಶೇಖರಮ್ಮ: ಕನ್ನಡಕದಾಗ ಹಸಿವೂ ಇಲ್ಲಲ್ರಿ.

ಅವನು ಕುದಿಯುವ ನೀರು ಸುರಿದು, ಹಿಂದು ಮುಂದು ನೋಡದೆ ಕೈ ಹಾಕಿದ. ಆಮೇಲೆ ಅವನು ಕೂಗಿದ್ದು ಗಿರಣಿಯ ಸದ್ದನ್ನೂ ಮೀರಿ ಓಣಿಯ ಕೊನೆಯವರೆಗೆ ಕೇಳಿಸಿತು. ಕೈಯನ್ನು ತಣ್ಣೀರಿನಲ್ಲಿ ಅದ್ದಿ, ಊದಿ, ಮತ್ತೆ ಕೂತ. ಹಲಗೆಯ ಮೇಲೆ ಬಡಿದ. ರೊಟ್ಟಿ ಒಂದು ಕಡೆ ಬೆಳೆದರೆ ಇನ್ನೊಂದು ಕಡೆ ಒಡೆಯುತ್ತಿತ್ತು. ಎತ್ತಿ ಹಂಚಿಗೆ ಹಾಕಲು ಹೋದಾಗ ಅರ್ಧ ಹಂಚಿನ ಮೇಲೆ ಬಿತ್ತು, ಅರ್ಧ ಅವನ ಅಂಗೈಯಲ್ಲಿ ಉಳಿಯಿತು.

ಉಮಾಪತಿ: ಅಲ್ಲೇ, ಅಲ್ಲಿ ಇಷ್ಟೊತ್ತಿಗೆ 'ಅಭಿನಂದನೆಗಳು' ಅಂತ ಬರ್ತಿತ್ತು.

ಶೇಖರಮ್ಮ: ಇಲ್ಲಿ ಬರ್ಲಿಲ್ಲೇನು? ನಾ ಅಂತೀನಿ ತಡೀರಿ. ಅಭಿನಂದನೆಗಳು.

ಹೊರಗೆ ಕಾರಿನ ಬಾಗಿಲು ಹಾಕಿದ ಸದ್ದಾಯಿತು. ಉಮಾಪತಿ ಲುಂಗಿ ಇಳಿಸಿ, ಹಿಟ್ಟಿನ ಕೈಯಲ್ಲೇ ತಲೆ ಬಾಚಿಕೊಂಡು ಓಡಿದ. ಲಲಿತಾ ಮೇಡಮ್ ಒಳಗೆ ಬಂದವರೇ ಎಸಿಯ ಕೆಳಗಿನ ಕುರ್ಚಿ ನೋಡಿ ಕೂತರು. ಯಲಬುರ್ಗಾದ ಕಡೆಯವರು. ಮಾತು ಊರಿನದು, ನಡುನಡುವೆ ಮಾತ್ರ ಸಂಸ್ಥೆಯದು.

ಲಲಿತಾ: ಉಮಾಪತಿಯವರ, ತಲಿಗೆ ಏನ್ರಿ ಅದು?

ಉಮಾಪತಿ: ಹಿಟ್ಟು ಮೇಡಮ್. ಕೌಶಲ್ಯ ನಡದಿತ್ತು.

ಲಲಿತಾ: ಭಾಳ ಛಲೋ. ಮೊದಲು ವಿಡಿಯೋ ಮುಗಿಸೂಣ್ರಿ, ಮ್ಯಾಲಿನವರು ಅದಕ್ಕ ಕಾಯಾಕತ್ತಾರ. ಇವರೇನು ಕಾಶಿ ನೋಡಿದ ಅಮ್ಮಾರು? ಬರ್ರಿ, ಇಲ್ಲಿ ಕೂಡ್ರಿ. ಸಂಕೋಚ ಬ್ಯಾಡ. ನೆಮ್ಮದಿ ಆತು ಅನ್ನೂದು ಮುಖದ ಮ್ಯಾಲ ಕಾಣಬೇಕು, ಅಷ್ಟ.

ಉಮಾಪತಿ ಮೊಬೈಲು ಹಿಡಿದು ನಿಂತ. ಒಂದು ಮಾತು ಅಡ್ಡ ಬಂದರೂ ಪಡಸಾಲೆ ಮತ್ತೆ ಖಾಲಿಯಾಗುತ್ತದೆ.

ಲಲಿತಾ: ಹೇಳ್ರಿ ಅಮ್ಮಾರ. ಕಾಶಿಗೆ ಹೋಗಿಬಂದ್ರಿ?

ಶೇಖರಮ್ಮ: ನಮ್ಮನಿಯವರು ಹೋಗಿಬಂದಿ ಅಂತಾರ್ರಿ. ಅವರ ಮಾತು ನಾ ಮೀರಂಗಿಲ್ಲ.

ಲಲಿತಾ: ಹ್ಯಾಂಗನಿಸ್ತು?

ಶೇಖರಮ್ಮ: ಭಾಳ ಚಂದ ಐತ್ರಿ. ಬೆಳಗು ಮುಂಜಾನಿ. ಉದ್ದಕ್ಕ ಮೆಟ್ಟಿಲ, ಮೆಟ್ಟಿಲ ಮ್ಯಾಲ ಮಂದಿ. ನಮ್ಮ ವಯಸ್ಸಿನಾಕಿ ಒಬ್ಬಾಕಿ ಸೀರಿ ಸೆರಗು ಹಿಂಡಾಕತ್ತಿದ್ಲು. ಆಕಿ ನನ್ನ ಕಡೆ ನೋಡ್ತಾಳೇನೋ ಅಂತ ಕಾದೆ. ನೋಡಲಿಲ್ಲ. ಗಂಗಿ ಅಂತೂ ನನ್ನ ಕಾಲಬುಡದಾಗ ಬಂದಿದ್ಲು. ಒಂದು ಬೊಗಸಿ ತಗೊಂಡು ಕಣ್ಣಿಗೆ ಒತ್ಕೊಳ್ಳೂಣು ಅಂತ ಬಗ್ಗಿ ಕೈ ಇಳಿಸಿದೆ ನೋಡ್ರಿ...

ಲಲಿತಾ: ಹ್ಞಾ, ಹೇಳ್ರಿ, ಹೇಳ್ರಿ.

ಶೇಖರಮ್ಮ: ಕೈಗೆ ಟೈಲ್ಸ್ ಹತ್ತಿದ್ವು. ನಾನೇ ಮುಂಜಾನಿ ಒರಸಿದ್ದೆ ಆ ನೆಲ.

ಲಲಿತಾ: ಅಷ್ಟು ಕಟ್ ಮಾಡ್ರಿ ಉಮಾಪತಿಯವರ. ಮೆಟ್ಟಿಲಿಗೇ ನಿಲ್ಲಿಸ್ರಿ. ಅಲ್ಲಿ ಮಟ ಭಾಳ ಛಲೋ ಬಂದೈತಿ.

ಉಮಾಪತಿಗೆ ಕಟ್ ಮಾಡಲು ಬೆರಳು ಏಳಲಿಲ್ಲ. ಅವನು ಸಾವಿರಾರು ಮುಖಗಳನ್ನು ಕ್ಯಾಮೆರಾದಲ್ಲಿ ನೋಡಿದವನು. ಮದುವೆಯ ಹುಡುಗಿಯರನ್ನು, ಪರೀಕ್ಷೆಗೆ ಹೊರಟವರನ್ನು, ನಗು ಎಂದರೂ ನಗದವರನ್ನು. ಯಾರು ಏನನ್ನು ಒಳಗಿಟ್ಟುಕೊಂಡು ಕೂತಿದ್ದಾರೆಂದು ಅವನಿಗೆ ಗೊತ್ತಾಗುತ್ತಿತ್ತು. ಈಗ ಅಂಗೈಯಗಲದ ಪರದೆಯಲ್ಲಿ ತನ್ನ ಹೆಂಡತಿಯ ಮುಖ ಕಂಡಾಗ ಅವನಿಗೆ ನಾಚಿಕೆಯಾಯಿತು. ಇವಳು ನಿಜಕ್ಕೂ ಬಗ್ಗಿದ್ದಳು. ನೀರಿದೆ ಎಂದು ನಂಬಿ ಬಗ್ಗಿದ್ದಳು. ತಾನು ಆಗ ಜಿಲಾನಸಾಬರ ಜೊತೆ ನಗುತ್ತ ನಿಂತಿದ್ದ.

ಲಲಿತಾ: ಈಗ ಊಟ ಮಾಡೂಣೇನ್ರಿ? ಕೊಪ್ಪಳದಿಂದ ಬರೀ ರೊಟ್ಟಿ ಧ್ಯಾನ ಮಾಡ್ಕೋತ ಬಂದೀನಿ.

ಎಲೆ ಹಾಕಿದರು. ಎಣಗಾಯಿ ಬಂತು, ಪಲ್ಯ ಬಂತು, ಚಟ್ನಿ ಬಂತು. ಕೊನೆಗೆ ಉಮಾಪತಿ ಒಳಗೆ ಹೋಗಿ ಹೇಗೋ ಬಡಿದು ಮುಗಿಸಿದ ರೊಟ್ಟಿ ಬಂತು. ಅದು ಯಾವ ದೇಶದ ನಕಾಶೆ ಎಂದು ಹೇಳುವುದು ಕಷ್ಟವಿತ್ತು. ಒಂದು ಕಡೆ ಕರಿ, ಒಂದು ಕಡೆ ಹಸಿ.

ಲಲಿತಾ: ಇದು... ಖಡಕ್ ರೊಟ್ಟಿ ಏನ್ರಿ?

ಉಮಾಪತಿ: ಇಲ್ಲ ಮೇಡಮ್. ಬಿಸಿ ರೊಟ್ಟಿ.

ಲಲಿತಾ: ಯಾರು ಬಡದದ್ದು?

ಶೇಖರಮ್ಮ: ಮುಖ್ಯ ತರಬೇತುದಾರ್ರು.

ಮೇಡಮ್ ಒಂದು ತುಂಡು ಮುರಿದು ಬಾಯಿಗಿಟ್ಟುಕೊಂಡರು. ಅವರು ನೀರು ಕುಡಿದರು. ಇನ್ನೊಮ್ಮೆ ಕುಡಿದರು. ಆಮೇಲೆ ಕೈ ಒರೆಸಿಕೊಂಡು ತಮ್ಮ ಟ್ಯಾಬ್ ತೆಗೆದು ನೋಡಿದರು.

ಲಲಿತಾ: ಆದ್ರ ಇಲ್ಲಿ ನೂರಕ್ಕೆ ನೂರು ತೋರಸ್ತೈತಲ್ಲ.

ಉಮಾಪತಿ: ಮೇಡಮ್, ಒಂದು ಮಾತು ಹೇಳ್ಬೇಕ್ರಿ. ಕನ್ನಡಕದಾಗ ಹಿಟ್ಟು ಕೈಗೆ ಹತ್ತಂಗಿಲ್ಲ. ನೀರು ಬಿಸಿ ಇರಂಗಿಲ್ಲ. ಕೈ ಸುಡಂಗಿಲ್ಲ.

ಲಲಿತಾ: ಅದು ಸುರಕ್ಷತೆ ರೀ. ಒಬ್ಬರ ಕೈಯೂ ಸುಡದ ಇಷ್ಟು ಮಂದಿಗೆ ರೊಟ್ಟಿ ಕಲಿಸೀವಿ ಅಂತ ಮ್ಯಾಲೆ ಹೇಳಬಹುದು. ಛಲೋ ನೆನಪು ಮಾಡಿದ್ರಿ.

ಉಮಾಪತಿ: ಹಂಗಲ್ರಿ ಮೇಡಮ್. ರೊಟ್ಟಿ ಬಂದಿಲ್ಲ ಅಂತ ಹೇಳಾಕತ್ತೀನಿ. ನೋಡ್ರಿ, ನಿಮ್ಮ ಎಲಿ ಮ್ಯಾಲ ಐತಿ.

ಲಲಿತಾ: ಒಂದು ರೊಟ್ಟಿ ತಪ್ಪಬಹುದು ಉಮಾಪತಿಯವರ. ಮಾರ್ಕ್ಸ್ ತಪ್ಪಂಗಿಲ್ಲ. ಅದನ್ನ ಮಶೀನ್ ಕೊಟ್ಟದ್ದು. ಅಮ್ಮಾರ, ಸ್ವಲ್ಪ ಅನ್ನ ಹಾಕ್ರಿ.

ಮೇಡಮ್ ಸೋನಾ ಮಸೂರಿ ಅನ್ನಕ್ಕೆ ಎಣಗಾಯಿ ಕಲಸಿಕೊಂಡು ಎರಡು ಸಲ ಹಾಕಿಸಿಕೊಂಡು ಉಂಡರು. ಮೇಲೆ ಆನೆಗೊಂದಿಯ ಬಾಳೆಹಣ್ಣು ತಿಂದರು. ಉಮಾಪತಿ ಇನ್ನೇನು ಬೋರ್ಡು ಇಳಿಸಬೇಕಾಯಿತು ಎಂದುಕೊಳ್ಳುತ್ತಿರುವಾಗ ಅವರು ಎದ್ದು ನಿಂತು ಅವನ ಹಿಟ್ಟಿನ ಕೈ ಹಿಡಿದು ಕುಲುಕಿದರು.

ಲಲಿತಾ: ಇಡೀ ಜಿಲ್ಲಾದಾಗ ನೂರಕ್ಕೆ ನೂರು ನಿಮ್ಮದೊಂದ ಕೇಂದ್ರದಾಗ ಬಂದದ್ದು. ಬರೋ ಐತವಾರ ಕೊಪ್ಪಳದಾಗ ಕೌಶಲ್ಯ ಮೇಳ ಐತಿ. ಬೆಂಗಳೂರಿನಿಂದ ದೊಡ್ಡ ಸಾಹೇಬ್ರು ಬರ್ತಾರ. ಅವರ ಮುಂದ ವೇದಿಕಿ ಮ್ಯಾಲ ನೀವ ರೊಟ್ಟಿ ಬಡಿಯೂದು.

ಉಮಾಪತಿ: ಕನ್ನಡಕದಾಗ?

ಲಲಿತಾ: ಕನ್ನಡಕದಾಗಿಂದು ಅವರು ಹ್ಯಾಂಗ ಉಣ್ಣಬೇಕ್ರಿ? ಖರೇ ರೊಟ್ಟಿ. ಬಿಸಿಬಿಸಿ. ಅವರು ಉಂಡು ಹ್ಞೂಂ ಅಂದ್ರ ನಿಮ್ಮ ಕೇಂದ್ರ ಇನ್ನೊಂದು ವರ್ಷ ನಡೀತೈತಿ. ಇಲ್ಲಂದ್ರ ನಾನೂ ಏನೂ ಮಾಡಾಕ ಬರಂಗಿಲ್ಲ. ಬರ್ತೀನಿ ಅಮ್ಮಾರ, ನಿಮ್ಮ ಎಣಗಾಯಿ ಭಾಳ ಛಲೋ ಆಗಿತ್ತು.

ಕಾರು ಹೋಯಿತು. ಉಮಾಪತಿ ಎಸಿಯ ಕೆಳಗೆ ಕೂತರೂ ಬೆವರುತ್ತಿದ್ದ. ಶೇಖರಮ್ಮ ಎಲೆ ಎತ್ತಿ, ನೆಲ ಒರೆಸಿ, ಅದೇ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಬಂದು ಕೂತಳು. ಅವನು ಕನ್ನಡಕದ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಒಮ್ಮೆ ಅದನ್ನು ನೋಡಿ, ಒಮ್ಮೆ ಅವಳನ್ನು ನೋಡಿದ.

ಉಮಾಪತಿ: ಶೇಖರಿ.

ಶೇಖರಮ್ಮ: ಹೇಳ್ರಿ.

ಉಮಾಪತಿ: ನೀ ಕಾಶಿಗೆ ಹೋ... ಅಲ್ಲ, ಆ ಕಾಶಿಯೊಳಗ ಬಿಟ್ಟದ್ದನ್ನ ಮತ್ತ ಹಿಡಿಯಾಕ ಏನರ ದಾರಿ ಐತೇನು?

ಶೇಖರಮ್ಮ: ಇಲ್ರಿ. ಕಾಶಿಗೆ ಹೋಗಿ ಬಿಟ್ಟದ್ದು ಬಿಟ್ಟಂಗ. ಹೋಗಿರದಿದ್ರ ಮಾತು ಬ್ಯಾರೆ.

ಉಮಾಪತಿ: ಹೋಗಿರದಿದ್ರ?

ಶೇಖರಮ್ಮ: ಹೋಗದ ಊರಾಗ ಏನು ಬಿಟ್ಟು ಬರಾಕ ಬರ್ತೈತ್ರಿ? ಆದ್ರ ನಾ ಹೋಗಿಲ್ಲ ಅಂತ ನಾ ಹೇಳಂಗಿಲ್ಲ. ಹೋಗಿಬಂದ್ಲು ಅಂತ ಓಣಿಗೆಲ್ಲಾ ಹೇಳಿದವರು ನೀವು.

ಉಮಾಪತಿ ಕಿಟಕಿಯ ಕಡೆ ನೋಡಿದ. ಬೆಳಿಗ್ಗೆ ಅವನೇ ಮುಚ್ಚಿದ್ದು. ಎದ್ದು ಹೋಗಿ ತೆಗೆದ. ಎದುರುಮನೆಯ ಕಟ್ಟೆಯ ಮೇಲೆ ರೇಣುಕಮ್ಮ ಅಕ್ಕಿ ಆರಿಸುತ್ತ ಕೂತಿದ್ದಳು, ಜಿಲಾನಸಾಬರು ಮಧ್ಯಾಹ್ನದ ನೆಮ್ಮದಿಗೆಂದು ಆಗಲೇ ಬರುತ್ತಿದ್ದರು.

ಉಮಾಪತಿ: (ಗಟ್ಟಿಯಾಗಿ) ನಮ್ಮಾಕಿ ಕಾಶಿ ನೋಡಿಲ್ಲ! ನಾ ತೋರಿಸಿಲ್ಲ! ರೇಣುಕವ್ವ, ನೀ ಕಾಲಿಗೆ ಬಿದ್ದದ್ದು ವಾಪಸ್ ತಗೋ!

ಹೊರಗೆ ಜಿಲಾನಸಾಬರು ಅಲ್ಲೇ ನಿಂತುಬಿಟ್ಟರು. ತಾವು ನೋಡಿದ ಸಮುದ್ರದ ಗತಿ ಏನು ಎಂದು ಅವರು ಕೇಳುವ ಮುಂಚೆ ಉಮಾಪತಿ ಕಿಟಕಿ ಎಳೆದುಕೊಂಡು ಒಳಗೆ ತಿರುಗಿದ.

ಉಮಾಪತಿ: ಆತೇನು?

ಶೇಖರಮ್ಮ: ಅರ್ಧ ಆತು. ತೋರಿಸಿಲ್ಲ ಅಂದ್ರಿ. ಯಾವಾಗ ತೋರಸ್ತೀರಿ?

ಉಮಾಪತಿ: ಮೇಳ ಮುಗೀಲಿ, ಆಮ್ಯಾಲ...

ಶೇಖರಮ್ಮ: ಮೇಳ ಮುಗೀತು ಅಂದ್ರ ಸುಗ್ಗಿ ಬರ್ತೈತಿ. ಸುಗ್ಗಿ ಮುಗೀತು ಅಂದ್ರ ನಿಮಗ ಸೊಂಟ ಹಿಡೀತೈತಿ. ಮೊಬೈಲ್ ಕೈಯಾಗ ಐತಲ್ಲ, ಈಗ ತೆಗೀರಿ ಟಿಕೀಟು. ನನ್ನ ಕಣ್ಣಮುಂದ.

ಉಮಾಪತಿಗೆ ಪರದೆಯ ಮೇಲೆ ಕಂಡ ಆ ಮುಖ ಇನ್ನೂ ಕಣ್ಣಿನಿಂದ ಹೋಗಿರಲಿಲ್ಲ. ಅವನು ಮರುಮಾತಾಡದೆ ಸುಟ್ಟ ಬೆರಳಿನಿಂದಲೇ ಒತ್ತಿ ಒತ್ತಿ ಎರಡು ಟಿಕೆಟು ತೆಗೆದ. ಶೇಖರಮ್ಮ ಮೊಬೈಲನ್ನು ಕೈಗೆ ತೆಗೆದುಕೊಂಡು ತನ್ನ ಹೆಸರನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಓದಿ ಮುಗಿಸಿದ ಮೇಲೂ ಸ್ವಲ್ಪ ಹೊತ್ತು ಅದನ್ನು ಕೊಡಲಿಲ್ಲ. ಅವಳ ಕಣ್ಣು ತುಂಬಿತ್ತು. ಆಮೇಲೆ ಎದ್ದು ಸೀದಾ ಅಡುಗೆಮನೆಗೆ ಹೋಗಿ ಎಸರಿಟ್ಟಳು.

ಹಲಗೆಯ ಮೇಲೆ ರೊಟ್ಟಿಯ ಸದ್ದು ಕೇಳಿದಾಗ ಉಮಾಪತಿಗೆ ಹೋದ ಜೀವ ಬಂದಂತಾಯಿತು. ಹೋಗಿ ಬಾಗಿಲಿಗೆ ಆತು ನಿಂತ.

ಉಮಾಪತಿ: ಐತವಾರ ವೇದಿಕಿ ಮ್ಯಾಲ ಹ್ಯಾಂಗ ಮಾಡೂಣು? ನನ್ನ ಹೆಸರು ಹೇಳಿ ಹೋಗ್ಯಾರ ಮೇಡಮ್.

ಶೇಖರಮ್ಮ: ನೀವು ಕನ್ನಡಕ ಹಾಕ್ಕೊಂಡು ಮುಂದ ನಿಂತು ಕೈ ಆಡಸ್ರಿ. ನಾ ಪರದೆ ಹಿಂದ ಕುಂತು ಬಡದು ಕೊಡ್ತೀನಿ. ಸಾಹೇಬ್ರಿಗೂ ಖುಷಿ, ಮಶೀನಿಗೂ ಖುಷಿ.

ಅವಳು ಬೆಂಕಿಯಿಂದ ತೆಗೆದ ಮೊದಲ ರೊಟ್ಟಿಗೆ ಬೆಣ್ಣೆ ಹಚ್ಚಿ ಅವನ ತಾಟಿಗೆ ಹಾಕಿದಳು. ಅವನು ಬಿಸಿ ತಾಳದೆ ಊದಿಕೊಂಡು ತಿಂದ. ಇಂಥ ರೊಟ್ಟಿಗೆ ಏನಾದರೂ ಅನ್ನಬೇಕಲ್ಲ ಎಂದು ಅವನಿಗೆ ಮದುವೆಯಾದ ಮೇಲೆ ಮೊದಲ ಸಲ ಅನಿಸಿತು. ಆದರೆ ಬಾಯಿಗೆ ಬಂದದ್ದು ಬೇರೆ.

ಉಮಾಪತಿ: ಅಲ್ಲಾ, ಆ ಖರೇ ಕಾಶಿಯೊಳಗ ಏನು ಬಿಡಾಕಿ ನೀ? ಈಗ ಹೇಳಿಬಿಡು. ಚಹಾ ಮಾಡೂದು ಬಿಡ್ತಿಯೇನು?

ಶೇಖರಮ್ಮ: ಅಲ್ಲಿ ಹೋದಮ್ಯಾಲ ನೋಡೂಣು. ಭಾಳ ಪ್ರೀತಿ ಇದ್ದದ್ದೊಂದು ಬಿಡಬೇಕಲ್ಲ.

ಉಮಾಪತಿಯ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ದೊಡ್ಡ ಊರು, ಗೊತ್ತಿಲ್ಲದ ಭಾಷೆ, ಲಕ್ಷಗಟ್ಟಲೆ ಜನ.

ಉಮಾಪತಿ: ಲೇ, ಹಂಗಾರ ನನ್ನ ಅಲ್ಲೇ ಬಿಟ್ಟು ಬಂದುಗಿಂದಿ!

ಶೇಖರಮ್ಮ ಬೆಳಗಿನಿಂದ ಮೊದಲ ಸಲ ನಕ್ಕಳು. ಇನ್ನೊಂದು ರೊಟ್ಟಿಯನ್ನು ಅವನ ತಾಟಿಗೆ ಹಾಕಿದಳು.

ಶೇಖರಮ್ಮ: ಅಯ್ಯ, ಅದರ ಚಿಂತಿ ಮಾಡಬ್ಯಾಡ್ರಿ. ಪ್ರೀತಿ ಇದ್ದದ್ದನ್ನ ಬಿಡಬೇಕಂದೆ. ನಿಮ್ಮನ್ನ ಹೊಳ್ಳಿ ಕರ್ಕೊಂಡ ಬರ್ತೀನಿ.